ಮಾತಾಡಿದರೆ ಫೇಲು

ನನ್ನ ಮಗಳು ನನ್ನನ್ನು ಮೊದಲ ಸಲ ಬಂಧಿಸಿದಾಗ ನಾನು ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದೆ. ಹಿಂದಿನಿಂದ ಬಂದವಳೇ ಎಡಗೈ ಹಿಡಿದು ತಿರುಚಿ ಬೆನ್ನಿಗೆ ಒತ್ತಿದಳು. ಬಲಗೈಯಲ್ಲಿ ಸೌಟು ಇತ್ತು, ಅದನ್ನು ನಾನು ಬಿಡಲಿಲ್ಲ. ರವೆ ಹುರಿಯುವಾಗ ಕೈ ನಿಲ್ಲಿಸಿದರೆ ಏನಾಗುತ್ತದೆ ಅಂತ ಜಪಾನಿನ ಪೊಲೀಸರಿಗೆ ಯಾರು ಹೇಳಿಕೊಡಬೇಕು?

“ಅಮ್ಮಾ, ರೆಸಿಸ್ಟ್ ಮಾಡು! ಸುಮ್ನೆ ಕೈ ಕೊಟ್ರೆ ಮಾರ್ಕ್ಸ್ ಇಲ್ಲ,” ಎಂದಳು ಶರ್ವಾಣಿ.

“ಸೀದೋಗತ್ತೆ ಕಣೇ! ಒಲೆ ಆರಿಸೋಕಾದ್ರೂ ಬಿಡು!”

“ಕ್ರಿಮಿನಲ್ಸ್ ಹಾಗೆಲ್ಲ ಪರ್ಮಿಷನ್ ಕೇಳಲ್ಲಮ್ಮ.”

ಫ್ರಿಜ್ಜಿಗೆ ಒರಗಿಸಿಟ್ಟ ಫೋನು ಇಷ್ಟನ್ನೂ ವಿಡಿಯೋ ಮಾಡುತ್ತಿತ್ತು. ಆ ವಿಡಿಯೋ ಅವಳ ಕಾಲೇಜಿಗೆ ಹೋಯಿತು. ಒಂದೆರಡು ದಿನದಲ್ಲಿ ಮೇಷ್ಟ್ರ ಉತ್ತರ ಬಂತು. ಹಿಡಿತ ಚೆನ್ನಾಗಿದೆ, ಆದರೆ ಆರೋಪಿ ಕೊನೆಯವರೆಗೂ ಅಡುಗೆ ಮಾಡುತ್ತಲೇ ಇದ್ದಾರೆ, ದಯವಿಟ್ಟು ಇನ್ನೊಮ್ಮೆ ಮಾಡಿ ಕಳಿಸಿ ಅಂತ.

ಆರೋಪಿ ಅಂದರೆ ನಾನು. ಹೆಸರು ಶೈಲಜಾ, ಊರು ಮೈಸೂರು, ಈಗ ಹದಿನೈದು ವರ್ಷದಿಂದ ತೋಕಿಯೋದ ನಿಶಿ ಕಸಾಯಿ. ಯಜಮಾನರು ದ್ವಾರಕಾನಾಥ ಕಂಪ್ಯೂಟರ್ ಕೆಲಸಕ್ಕೆ ಬಂದವರು. ಎರಡು ವರ್ಷಕ್ಕೆ ಅಂತ ಬಂದೆವು, ಇಲ್ಲೇ ಉಳಿದೆವು. ಆಗ ಶರ್ವಾಣಿ ನಾಲ್ಕು ವರ್ಷದ ಮಗು. ಈಗ ಅವಳು ಜಪಾನೀಸಿನಲ್ಲಿ ಕನಸು ಕಾಣುತ್ತಾಳೆ, ಇಂಗ್ಲಿಷಿನಲ್ಲಿ ಜಗಳ ಆಡುತ್ತಾಳೆ, ಹಸಿವಾದಾಗ ಮಾತ್ರ ಕನ್ನಡ ಚೆನ್ನಾಗಿ ಬರುತ್ತದೆ.

ನಮ್ಮ ಅಪಾರ್ಟ್‌ಮೆಂಟಿನ ಬೇರೆ ಇಂಡಿಯನ್ ಮಕ್ಕಳೆಲ್ಲ ಇಂಜಿನಿಯರಿಂಗು, ಮೆಡಿಕಲ್ಲು ಅಂತ ಹೊರಟರೆ ನನ್ನ ಮಗಳು ಪೊಲೀಸು ಮತ್ತು ಅಗ್ನಿಶಾಮಕ ಕೆಲಸಕ್ಕೆ ಹುಡುಗರನ್ನು ತಯಾರು ಮಾಡುವ ಎರಡು ವರ್ಷದ ಕಾಲೇಜು ಸೇರಿದಳು. ಎದುರುಮನೆ ಪದ್ಮಾ ವಿಷಯ ಕೇಳಿ, “ಅಯ್ಯೋ, ಅಷ್ಟು ಚೆನ್ನಾಗಿ ಓದ್ತಿದ್ಲಲ್ರೀ!” ಎಂದು ನನ್ನ ಕೈ ಹಿಡಿದುಕೊಂಡಳು. ಯಾರೋ ಹೋಗಿಬಿಟ್ಟರು ಅನ್ನುವ ಧಾಟಿಯಲ್ಲಿ. ನನಗೂ ಒಳಗೊಳಗೆ ಹಾಗೇ ಅನಿಸಿತ್ತು, ಆದರೆ ಪದ್ಮಾ ಹೇಳಿದ್ದಕ್ಕೆ ಉರಿದು ಹೋಯಿತು. “ಬೆಂಕಿ ಬಿದ್ದಾಗ ಇಂಜಿನಿಯರನ್ನ ಕರೀತೀರೇನ್ರೀ ನೀವು?” ಎಂದು ಕೇಳಿ ಬಾಗಿಲು ಹಾಕಿಕೊಂಡೆ.

ಅವಳಿಗೆ ಈ ಹುಚ್ಚು ಹತ್ತಿದ್ದು ಒಂಬತ್ತನೇ ವಯಸ್ಸಿನಲ್ಲಿ. ಒಂದು ಭೂಕಂಪದ ದಿನ ಸ್ಕೂಲಿಂದ ಬರುತ್ತಾ ನಮ್ಮ ಕಟ್ಟಡದ ಲಿಫ್ಟಿನಲ್ಲಿ ಸಿಕ್ಕಿಬಿದ್ದಳು. ನಾನು ಹೊರಗೆ ನಿಂತು ಮೈಸೂರಿಗೆ ಕೇಳುವ ಹಾಗೆ ಕೂಗುತ್ತಿದ್ದೆ. ಅಗ್ನಿಶಾಮಕದವನೊಬ್ಬ ಬಂದು ಬಾಗಿಲು ಬಿಡಿಸಿ, ಮೇಲಿಂದ ಕೈ ಚಾಚಿ ಇವಳನ್ನು ಎತ್ತಿಕೊಂಡ. ಆಮೇಲೆ ನನ್ನ ಕಡೆ ತಿರುಗಿ, “ದೈಜೋಬು, ಏನೂ ಆಗಿಲ್ಲ,” ಎಂದ. ನಾನು ಅಳುತ್ತಿದ್ದೆ. ಇವಳು ಅವನ ಹೆಲ್ಮೆಟ್ಟನ್ನೇ ನೋಡುತ್ತಿದ್ದಳು.

ಎರಡು ಸಾವಿರದ ಇಪ್ಪತ್ತೊಂದರ ಏಪ್ರಿಲ್‌ನಲ್ಲಿ ಕಾಲೇಜು ಶುರುವಾಯಿತು, ತಿಂಗಳು ತುಂಬುವ ಮೊದಲೇ ಕೊರೊನಾ ದೆಸೆಯಿಂದ ಬಾಗಿಲು ಹಾಕಿತು. ಕಾನೂನಿನ ಪಾಠ ಏನೋ ಝೂಮಿನಲ್ಲಿ ನಡೆದೀತು. ಹಗ್ಗ ಕಟ್ಟುವುದು, ಗಾಯಕ್ಕೆ ಪಟ್ಟಿ ಸುತ್ತುವುದು, ಕಳ್ಳನನ್ನು ಹಿಡಿಯುವುದು, ಮೂರ್ಛೆ ಹೋದವರನ್ನು ಹೊರುವುದು? ಕಾಲೇಜಿನವರು ಯೋಚನೆ ಮಾಡಿ ಒಂದು ನಿಯಮ ಮಾಡಿದರು. ಒಂದೇ ಸೂರಿನಡಿ ಇರುವವರನ್ನು ಮಾತ್ರ ಮುಟ್ಟಿ ಅಭ್ಯಾಸ ಮಾಡಬೇಕು, ವಿಡಿಯೋ ಕಳಿಸಬೇಕು. ಬೇರೆ ಹುಡುಗರಿಗೆ ಅಪ್ಪ, ಅಣ್ಣ, ತಮ್ಮ, ಅಜ್ಜಿ. ಇವಳಿಗೆ ನಾನೊಬ್ಬಳೇ.

ಯಾಕೆಂದರೆ ದ್ವಾರಕಾನಾಥರು ಮೈಸೂರಿನಲ್ಲಿದ್ದರು. ತಂಗಿ ಸಾವಿತ್ರಿ ಬೋಗಾದಿಯಲ್ಲಿ ಮನೆ ಕಟ್ಟಿಸಿದ್ದಳು, ಗೃಹಪ್ರವೇಶಕ್ಕೆ ಅಣ್ಣ ಇರಲೇಬೇಕು ಅಂತ ಹಟ ಹಿಡಿದಳು. “ಈಗ ಬೇಡ ರೀ, ಕಾಲ ಸರಿಯಿಲ್ಲ,” ಅಂತ ಬಡಕೊಂಡೆ. “ಹೋದೆ ಬಂದೆ ಅಷ್ಟೇ ಕಣೇ,” ಎಂದರು. ಹೋದರು. ಅಷ್ಟರಲ್ಲಿ ಅಲ್ಲಿ ಎರಡನೇ ಅಲೆ ಎದ್ದಿತು, ಲಾಕ್‌ಡೌನ್ ಬಂತು. ಮೇ ತಿಂಗಳಲ್ಲಿ ಜಪಾನಿನವರು ಇಂಡಿಯಾದಿಂದ ಬರುವ ಪರದೇಶದವರಿಗೆ ಬಾಗಿಲು ಹಾಕಿದರು, ಇಲ್ಲಿ ಮನೆಮಠ ಇರುವವರಿಗೂ. ಜಪಾನಿನ ಪಾಸ್‌ಪೋರ್ಟ್ ಇದ್ದವರು ಬರಬಹುದು. ಹದಿನೈದು ವರ್ಷ ಇಲ್ಲಿ ತೆರಿಗೆ ಕಟ್ಟಿದ ನನ್ನ ಗಂಡ ತಂಗಿಯ ಹೊಸ ಮನೆಯ ಮಹಡಿಯ ಮೇಲೆ ಕೂತು ಲ್ಯಾಪ್‌ಟಾಪಿನಲ್ಲಿ ತೋಕಿಯೋ ಆಫೀಸಿನ ಕೆಲಸ ಮಾಡುತ್ತಿದ್ದರು.

ಹೀಗಾಗಿ ಆರೋಪಿ, ಗಾಯಾಳು, ಮೂರ್ಛೆ ಹೋದವಳು, ಎಲ್ಲಾ ನಾನೇ. ಒಂದು ಬೆಳಿಗ್ಗೆ ತಲೆಗೆ ಪಟ್ಟಿ ಸುತ್ತಿಸಿಕೊಂಡು ಹಾಲು ಕಾಯಿಸುತ್ತಿದ್ದಾಗ ಕೊರಿಯರ್ ಹುಡುಗ ಬಂದು, ನನ್ನ ಮುಖ ನೋಡಿ, ಆಂಬುಲೆನ್ಸ್ ಕರೆಯಲಾ ಎಂದು ಕೇಳಿದ. ಇನ್ನೊಂದು ದಿನ ನನ್ನ ಎರಡೂ ಕೈ ಕಟ್ಟಿಹಾಕಿದ ಇವಳು ಝೂಮ್ ಕ್ಲಾಸು ಅಂತ ಒಳಗೆ ಹೋಗಿ ಮರೆತೇಬಿಟ್ಟಳು. ನಾನು ಮೊಣಕೈಯಿಂದ ಕುಕ್ಕರ್ ಆರಿಸಿದೆ. ನನ್ನ ತೂಕ ಎಪ್ಪತ್ತನಾಲ್ಕು ಕಿಲೋ ಅನ್ನುವುದು ಅವಳ ಇಡೀ ಕ್ಲಾಸಿಗೆ ಗೊತ್ತು. ಅವಳ ಮೇಷ್ಟ್ರು ಓಕುಬೋ ಸೆನ್ಸೇ ಅಂತ, ಅಗ್ನಿಶಾಮಕ ದಳದಲ್ಲಿದ್ದು ನಿವೃತ್ತಿಯಾದವರು. ಅವರು ಝೂಮಿನಲ್ಲಿ ಎಲ್ಲರ ಮುಂದೆ, ಶರ್ವಾಣಿ ಸಾನ್ ಅದೃಷ್ಟವಂತೆ, ನಿಜವಾದ ತೂಕ ಎತ್ತಿ ಕಲಿಯುತ್ತಿದ್ದಾಳೆ ಎಂದು ಹೊಗಳಿದರಂತೆ. ಯಾರನ್ನು ಹೊಗಳಿದ್ದು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.

ನಗುತ್ತಾ ನಗುತ್ತಾ ಜೂನ್ ಬಂತು, ಮಳೆ ಹಿಡಿಯಿತು. ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಶರ್ವಾಣಿ ತಟ್ಟೆ ನೋಡಿಕೊಂಡೇ ಹೇಳಿದಳು.

“ಅಮ್ಮಾ, ಫೈರ್ ಡಿಪಾರ್ಟ್‌ಮೆಂಟ್ ಸೇರ್ಬೇಕಂದ್ರೆ ಜಪಾನೀಸ್ ಸಿಟಿಜನ್ ಆಗಿರ್ಬೇಕು.”

“ಅಂದ್ರೆ?”

“ಕೋರ್ಸ್ ಮುಗಿಯೋ ಹೊತ್ತಿಗೆ ಇಂಡಿಯನ್ ಪಾಸ್‌ಪೋರ್ಟ್ ವಾಪಸ್ ಕೊಟ್ಟು ಇಲ್ಲೀದು ತಗೋಬೇಕು.”

ಪೊಲೀಸು ಆಗಲಿ, ಬೆಂಕಿ ಆರಿಸಲಿ, ಅದು ಕೆಲಸ. ಇದು ಬೇರೆ. ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು, ಮೈಸೂರಿನ ಆಸ್ಪತ್ರೆಯಲ್ಲಿ ಹುಟ್ಟಿದವಳು, ಮೈಸೂರಿಗೆ ಹೋಗಬೇಕಾದರೆ ವೀಸಾ ತಗೊಂಡು ಹೋಗಬೇಕಾ? ನನಗೆ ಸಂಕಟವಾಯಿತು. ಸಂಕಟವಾದಾಗ ನನಗೆ ಬರುವುದು ಅಳು ಅಲ್ಲ, ಸಿಟ್ಟು.

“ನಿಮ್ಮಪ್ಪನ್ನ ಬಾಗಿಲಲ್ಲಿ ನಿಲ್ಸಿರೋ ದೇಶ ಕಣೇ ಇದು! ಇದರ ಪಾಸ್‌ಪೋರ್ಟ್ ಬೇಕಾ ನಿಂಗೆ?”

“ನಂಗೆ ಪಾಸ್‌ಪೋರ್ಟ್ ಬೇಡಮ್ಮ. ಕೆಲ್ಸ ಬೇಕು. ನಾನು ಇಲ್ಲೇ ತಾನೇ ಬೆಳ್ದಿದ್ದು? ಇಲ್ಲಿ ಬೆಂಕಿ ಬಿದ್ರೆ ನಾನು ಆರಿಸ್ಬೇಕು ಅನ್ಸತ್ತೆ.” ಅನ್ನ ಕಲಸುತ್ತಾ, “ಅಪ್ಪ ನಿನ್ನಿಷ್ಟ ಅಂದ್ರು. ನೀನು ಬೇಡ ಅಂದ್ರೆ ಅಪ್ಲೈ ಮಾಡಲ್ಲ,” ಎಂದಳು.

ಬೇಡ ಅಂತ ಆಗಲೇ ಹೇಳಿಬಿಡುತ್ತಿದ್ದೆ. ಆದರೆ ಹಾಗೆ ನನ್ನ ತಲೆಗೇ ಕಟ್ಟಿದಳಲ್ಲ, ಬಾಯಿ ಬರಲಿಲ್ಲ. ಅದಕ್ಕೆ ಒಂದು ಒಪ್ಪಂದ ಮಾಡಿದೆ. ಜೂನ್ ಕೊನೆಗೆ ಅವಳಿಗೆ ಪ್ರಾಕ್ಟಿಕಲ್ ಪರೀಕ್ಷೆ. ಅದರಲ್ಲಿ ಪಾಸಾದವರಿಗೆ ಮಾತ್ರ ಅಗ್ನಿಶಾಮಕದ ತರಬೇತಿ ಮುಂದುವರಿಯುತ್ತದೆ. ಫೇಲಾದವರನ್ನು ಆಫೀಸು ಕೆಲಸದ ವಿಭಾಗಕ್ಕೆ ಹಾಕುತ್ತಾರೆ. “ಪಾಸಾದ್ರೆ ನಾನು ಹೂಂ ಅಂತೀನಿ. ಫೇಲಾದ್ರೆ ಪಾಸ್‌ಪೋರ್ಟಿನ ಮಾತು ಈ ಮನೇಲಿ ಎತ್ಬಾರ್ದು,” ಎಂದೆ. ಅವಳು ಒಪ್ಪಿ ಎಂಜಲು ಕೈಯಲ್ಲೇ ನನ್ನ ಕೈ ಕುಲುಕಿದಳು.

ಪರೀಕ್ಷೆ ಏನು ಅಂತ ಕೇಳಿದ್ದು ಆಮೇಲೆ. ಹೊಗೆ ತುಂಬಿದ ಮನೆಯಲ್ಲಿ ಮೂರ್ಛೆ ಹೋಗಿ ಬಿದ್ದವರನ್ನು ಹಿಂದಿನಿಂದ ಕಂಕುಳಿಗೆ ಕೈ ಹಾಕಿ, ಹಿಮ್ಮುಖವಾಗಿ ನಡೆಯುತ್ತಾ, ಮುಂಬಾಗಿಲವರೆಗೆ ಎಳೆದು ತರಬೇಕು. ಝೂಮಿನಲ್ಲಿ ಸೆನ್ಸೇ ನೇರವಾಗಿ ನೋಡುತ್ತಿರುತ್ತಾರೆ. ಬಿದ್ದವರು ಕೈಕಾಲು ಊರಿ ಸಹಾಯ ಮಾಡುವ ಹಾಗಿಲ್ಲ. ಬಾಯಿ ಬಿಡುವ ಹಾಗಂತೂ ಇಲ್ಲವೇ ಇಲ್ಲ.

“ಒಂದು ಮಾತು ಆಡಿದ್ರೂ ಫೇಲು. ಮೂರ್ಛೆ ಹೋದೋರು ಮಾತಾಡಲ್ಲ,” ಎಂದಳು.

ಅಂದರೆ ನಾನೇ ಹೂಡಿದ ಪಂದ್ಯದಲ್ಲಿ ಗೆಲ್ಲಿಸುವುದು, ಸೋಲಿಸುವುದು ಎರಡೂ ನನ್ನ ಬಾಯಲ್ಲೇ. ಶರ್ವಾಣಿಗೂ ಅದು ಹೊಳೆಯಿತು. ನನ್ನ ಮುಖವನ್ನೇ ನೋಡಿದಳು. “ಚೀಟ್ ಮಾಡಲ್ಲ ಅಲ್ವಾ?” ಎಂದಳು. “ನಾನು ಮೈಸೂರೋಳು ಕಣೇ,” ಎಂದೆ, ಅದರ ಅರ್ಥ ಏನೇ ಇರಲಿ.

ಚೀಟ್ ಮಾಡುವುದು ಹಾಗಿರಲಿ, ಅಭ್ಯಾಸದಲ್ಲಿ ನಿಜವಾಗಿ ಪ್ರಯತ್ನಪಟ್ಟರೂ ನನ್ನ ಕೈಲಿ ಆಗಲಿಲ್ಲ. ಅವಳು ಎಳೆಯಲು ಶುರು ಮಾಡಿದರೆ ನನ್ನ ಬಾಯಿ ತನ್ನಷ್ಟಕ್ಕೆ ತೆರೆದುಕೊಳ್ಳುತ್ತಿತ್ತು. “ಟೇಬಲ್ ಕಾಲು, ಟೇಬಲ್ ಕಾಲು!” “ಅಯ್ಯೋ ಸೊಂಟ!” “ಮೆಲ್ಲಗೆ ಕಣೇ, ನಿನ್ ಬೆನ್ನು ಹಿಡ್ಕೊಳತ್ತೆ!” ಪ್ರತಿ ಸಲವೂ ಅವಳು ನನ್ನನ್ನು ನೆಲದ ಮೇಲೆ ಬಿಟ್ಟು, “ಫೇಲ್,” ಎಂದು ಸೀಲಿಂಗ್ ನೋಡುತ್ತಿದ್ದಳು. ಅವಳೋ ಎಳೆಯುವಾಗ ಉದ್ದಕ್ಕೂ ನನ್ನನ್ನು ಮಾತಾಡಿಸುತ್ತಿರಬೇಕು, ಅದು ನಿಯಮ. ಕೇಳಿಸುತ್ತಿದೆಯೇ, ಹೆದರಬೇಡಿ ಎಂದೆಲ್ಲ ಜಪಾನೀಸಿನಲ್ಲಿ ಹೇಳುತ್ತಿದ್ದಳು. “ಕನ್ನಡದಲ್ಲಿ ಕೇಳು, ಎಚ್ಚರ ಬಂದ್ರೂ ಬರ್ಬಹುದು,” ಎಂದೆ. ಅದಕ್ಕೂ ಫೇಲ್.

ಇದರ ಮೇಲೆ ಇನ್ನೊಂದು ತಕರಾರು ಬಂತು. ಅಲ್ಲಿಯವರೆಗೆ ನಾನು ಬಾಲ್ಕನಿ ಕಡೆಗೆ ತಲೆ ಹಾಕಿ ಮಲಗುತ್ತಿದ್ದೆ. ಅವಳು ಯಾವುದೋ ಚಿತ್ರ ತೋರಿಸಿ, ತಲೆ ಮುಂಬಾಗಿಲ ಕಡೆಗೆ ಇರಬೇಕು ಎಂದಳು. ಜನ ಬಾಗಿಲ ಕಡೆ ಓಡುವಾಗಲೇ ಬೀಳುತ್ತಾರೆ, ಹಾಗಾಗಿ ಪರೀಕ್ಷೆಗೂ ಹಾಗೇ ಮಲಗಬೇಕಂತೆ. ಈ ಊರಿನ ಮನೆಗಳಲ್ಲಿ ಬಿಸಿಲಿಗೆ ಅಂತ ಬಾಲ್ಕನಿ ದಕ್ಷಿಣಕ್ಕೆ ಇಡುತ್ತಾರೆ, ಮುಂಬಾಗಿಲು ಉತ್ತರಕ್ಕೆ. ನಮ್ಮದೂ ಹಾಗೇ.

“ಉತ್ತರಕ್ಕೆ ತಲೆ ಹಾಕಿ ನಾನು ಮಲಗಲ್ಲ,” ಎಂದೆ.

“ಅಮ್ಮಾ, ಇದು ಡ್ರಿಲ್!”

“ಡ್ರಿಲ್ಲು ಅಂತ ಯಮನಿಗೆ ಬೋರ್ಡ್ ಬರೆದು ಹಾಕ್ತೀಯಾ? ಹೆಣಾನ ಕಣೇ ಹಾಗೆ ಮಲಗ್ಸೋದು.”

“ಹಾಗಾದ್ರೆ ಟೇಬಲ್ ಪಕ್ಕದಲ್ಲಿ ನಿನ್ನ ಪೂರ್ತಿ ತಿರುಗಿಸ್ಬೇಕು. ಅಲ್ಲಿ ಜಾಗಾನೇ ಇಲ್ಲ. ಟೈಮೂ ಸಾಲಲ್ಲ.”

“ಸಾಲದಿದ್ರೆ ಬಿಡು.”

ಹಾಗೆ ಬಿರುಸಾಗಿ ಹೇಳಿದ ಸಂಜೆಯೇ ಸಾವಿತ್ರಿಯ ಫೋನು ಬಂತು. ದ್ವಾರಕಾನಾಥರಿಗೆ ಜ್ವರ. ಮಾರನೇ ದಿನ ಪಾಸಿಟಿವ್ ಅಂತ ಗೊತ್ತಾಯಿತು. ಮಹಡಿಯ ಕೋಣೆಯಲ್ಲೇ ಇಟ್ಟಿದ್ದಾರೆ, ಆಕ್ಸಿಜನ್ ಸರಿಯಿದೆ, ಡಾಕ್ಟರು ಹೆದರಬೇಡಿ ಅಂದಿದ್ದಾರೆ. ವಿಡಿಯೋ ಕರೆಯಲ್ಲಿ ಮುಖ ನೋಡಿದರೆ ಗಡ್ಡ ಬೆಳೆದಿತ್ತು, ಕಣ್ಣು ಒಳಗೆ ಹೋಗಿತ್ತು. ಬಾಯಿ ರುಚಿಯಿಲ್ಲ, ಏನೂ ಸೇರುವುದಿಲ್ಲ ಎಂದರು. ದಿನಾ ನಮ್ಮ ಸಂಜೆಯ ಹೊತ್ತಿಗೆ ಮಾಡುತ್ತಿದ್ದರು, ಎರಡು ಮಾತಾಡಿ ಸುಸ್ತಾಗಿ ಇಟ್ಟುಬಿಡುತ್ತಿದ್ದರು. ಇಷ್ಟು ವರ್ಷದಲ್ಲಿ ಈ ಮನುಷ್ಯ ಊಟ ಬೇಡ ಅಂದಿದ್ದನ್ನು ನಾನು ಕೇಳಿರಲಿಲ್ಲ. ನನಗೆ ತುಂಬಾ ಭಯವಾಯಿತು. ವಿಮಾನ ಹತ್ತಿ ಹೋಗೋಣ ಅಂದರೆ ನನಗೂ ವಾಪಸ್ ಬರುವ ದಾರಿಯಿಲ್ಲ, ಮಗಳು ಇಲ್ಲಿ ಒಬ್ಬಳೇ ಆಗುತ್ತಾಳೆ.

ಅಂಥ ಹೊತ್ತಿನಲ್ಲಿ ನಾನು ಇಲ್ಲಿ ಉತ್ತರಕ್ಕೆ ತಲೆ ಹಾಕಿ ಹೆಣದ ಹಾಗೆ ಮಲಗಬೇಕಾ? ಮುತ್ತೈದೆಯಾಗಿ ಹೋಗುವುದು ಪುಣ್ಯ ಅಂತಾರೆ ಸರಿ, ಆದರೆ ಝೂಮಿನಲ್ಲಿ ಅಲ್ಲ. ಶರ್ವಾಣಿಗೂ ಅರ್ಥವಾಯಿತು. ಆಮೇಲೆ ಅವಳು ಆ ಮಾತೇ ಎತ್ತಲಿಲ್ಲ. ಅವಳು ವಾದ ಮಾಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಪರೀಕ್ಷೆಯ ದಿನ ಬೆಳಿಗ್ಗೆ ಮಳೆ ಸುರಿಯುತ್ತಿತ್ತು. ನಾನು ದೇವರಿಗೆ ದೀಪ ಹಚ್ಚಿ, ಅವಳ ಟ್ರ್ಯಾಕ್ ಪ್ಯಾಂಟು ಹಾಕಿಕೊಂಡು, ಫೋನನ್ನು ಊಟದ ಮೇಜಿನ ಮೇಲಿಟ್ಟು ನೆಲದ ಮೇಲೆ ಕೂತೆ. ಲ್ಯಾಪ್‌ಟಾಪಿನ ಪರದೆಯ ತುಂಬಾ ಬೇರೆ ಬೇರೆ ಮನೆಗಳು. ಪ್ರತಿ ಮನೆಯಲ್ಲೂ ಯಾರೋ ಒಬ್ಬರು ನೆಲದ ಮೇಲೆ. ಒಬ್ಬ ಅಪ್ಪ ಟೈ ಕಟ್ಟಿಕೊಂಡೇ ಮೂರ್ಛೆ ಹೋಗಿದ್ದ. ಒಬ್ಬಳು ಅಜ್ಜಿ ಕೆಳಗೆ ದಿಂಬು ಹಾಸಿಕೊಂಡು ಆರಾಮಾಗಿ ಮಲಗಿದ್ದಳು.

ನಮ್ಮ ಸರದಿ ಬಂದಾಗ ನಾನು ಬಾಲ್ಕನಿಗೆ ತಲೆ ಹಾಕಿ ಮಲಗಿದೆ. ಓಕುಬೋ ಸೆನ್ಸೇ ಕನ್ನಡಕ ಸರಿಮಾಡಿಕೊಂಡು, “ಶರ್ವಾಣಿ ಸಾನ್, ತಾಯಿಯ ತಲೆ ಬಾಗಿಲ ಕಡೆ ಇರಬೇಕಲ್ಲ?” ಎಂದು ಕೇಳಿದರು. ಶರ್ವಾಣಿ ಸೊಂಟ ಬಗ್ಗಿಸಿ, “ಸುಮಿಮಾಸೆನ್, ತಪ್ಪಾಯಿತು,” ಎಂದಳು. ಕಾರಣ ಹೇಳಲಿಲ್ಲ. ನೆಪ ಹೇಳುವುದು ಇಲ್ಲಿ ದೊಡ್ಡ ತಪ್ಪು. ತಪ್ಪು ಅವಳದಲ್ಲ, ತಲೆ ತಗ್ಗಿಸಿದವಳು ಅವಳು. ನನಗೆ ತಡೆಯಲಾಗಲಿಲ್ಲ. ಇನ್ನೂ ಮೂರ್ಛೆ ಶುರುವಾಗಿಲ್ಲವಲ್ಲ ಅಂತ ಎದ್ದು ಕೂತು ನನ್ನ ಹರಕುಮುರುಕು ಜಪಾನೀಸಿನಲ್ಲಿ ಹೇಳಿದೆ. ಬಾಗಿಲು ಉತ್ತರ. ನಮ್ಮಲ್ಲಿ ಸತ್ತವರು ಉತ್ತರ. ಗಂಡನಿಗೆ ಕೊರೊನಾ. ನಾನು ಮಲಗುವುದಿಲ್ಲ.

ಸೆನ್ಸೇ ನಿಧಾನವಾಗಿ, “ನಮ್ಮಲ್ಲೂ ಹಾಗೇ, ಓಕಾಸಾನ್,” ಎಂದರು. ಓಕಾಸಾನ್ ಅಂದರೆ ತಾಯಿ. “ನಮ್ಮಲ್ಲೂ ಹೆಣವನ್ನೇ ಉತ್ತರಕ್ಕೆ ಮಲಗಿಸುವುದು. ನಮ್ಮಮ್ಮ ಹೋಟೆಲಿಗೆ ಹೋದರೂ ದಿಕ್ಕು ಕೇಳದೆ ಮಲಗುತ್ತಿರಲಿಲ್ಲ.” ಅಷ್ಟು ಹೇಳಿದ್ದೇ ತಡ, ಆ ಇನ್ನೊಂದು ಮನೆಯ ಅಜ್ಜಿ ದಡಬಡ ಎದ್ದು, ಕಿಟಕಿ ಕಡೆ ನೋಡಿ, ದಿಂಬು ಎತ್ತಿ ಆ ಕಡೆಯಿಂದ ಈ ಕಡೆಗೆ ಹಾಕಿಕೊಂಡಳು. ಅವಳ ಮೊಮ್ಮಗ ಹಣೆ ಚಚ್ಚಿಕೊಂಡ. ಎಲ್ಲರೂ ನಕ್ಕರು, ನಾನೂ ನಕ್ಕೆ.

ಸೆನ್ಸೇ ನಗು ಮುಗಿಯಲು ಬಿಟ್ಟು ಹೇಳಿದರು. “ಬೀಳುವವರು ಹೇಗೆ ಬೇಕಾದರೂ ಬೀಳಬಹುದು. ಎತ್ತುವವರು ಹೇಗಿದ್ದರೂ ಎತ್ತಬೇಕು. ತಾಯಿ ಹಾಗೇ ಮಲಗಲಿ. ಸಮಯ ಮಾತ್ರ ಎಲ್ಲರಿಗೂ ಒಂದೇ.”

ನಾನು ಗೆದ್ದೆ ಅಂದುಕೊಂಡು ಶರ್ವಾಣಿಯ ಮುಖ ನೋಡಿದೆ. ಅವಳು ಮೇಜಿಗೂ ಫ್ರಿಜ್ಜಿಗೂ ಮಧ್ಯದ ಜಾಗ ಅಳೆಯುತ್ತಿದ್ದಳು. ತುಟಿ ಒಣಗಿತ್ತು. ಕೈಗವಸು ಹಾಕಿಕೊಂಡಳು.

ಶುರುವಾಯಿತು. ನಾನು ಕಣ್ಣು ಮುಚ್ಚಿ ಮೈ ಸಡಿಲ ಬಿಟ್ಟೆ. ಅವಳು ಮಂಡಿಯೂರಿ ಭುಜ ತಟ್ಟಿದಳು, ಕರೆದಳು, ಮೊದಲು ನನ್ನ ಕಾಲುಗಳನ್ನು ಜೋಡಿಸಿ ಪಕ್ಕಕ್ಕೆ ಸರಿಸಿದಳು, ಆಮೇಲೆ ಸೊಂಟ, ಆಮೇಲೆ ಭುಜ. ಹೀಗೆ ಚೂರುಚೂರೇ ತಿರುಗಿಸುತ್ತಾ ಹೋದಳು. ನನ್ನ ಮಂಡಿ ಮೇಜಿನ ಕಾಲಿಗೆ ಠಣ್ ಎಂದು ಬಡಿಯಿತು. ಕಣ್ಣಲ್ಲಿ ನೀರು ಬಂತು, ಬಾಯಿ ಬಿಡಲಿಲ್ಲ. ಅರ್ಧ ತಿರುಗಿಸುವಷ್ಟರಲ್ಲಿ ಅವಳು ಏದುಸಿರು ಬಿಡುತ್ತಿದ್ದಳು. ಒಂದು ಸಲ ಕೈ ಜಾರಿತು, ನನ್ನ ತಲೆ ನೆಲಕ್ಕೆ ಬೀಳುವ ಮೊದಲು ಅಂಗೈ ಅಡ್ಡ ಕೊಟ್ಟಳು. ಕೊನೆಗೆ ಹಿಂದೆ ಬಂದು ಕಂಕುಳಿಗೆ ಕೈ ಹಾಕಿ ಎತ್ತಿದಳು. ಹೊರಟೆವು.

ಆಗ ಮೇಜಿನ ಮೇಲೆ ಫೋನು ಬಡಿದುಕೊಂಡಿತು.

ಗಂಟೆಯ ಸದ್ದು. ಆ ಸದ್ದು ನಾನು ಒಬ್ಬರಿಗೇ ಇಟ್ಟಿರುವುದು, ದ್ವಾರಕಾನಾಥರಿಗೆ. ಇಲ್ಲಿ ಬೆಳಿಗ್ಗೆ ಹತ್ತು ಅಂದರೆ ಅಲ್ಲಿ ಇನ್ನೂ ಆರೂವರೆ. ಜ್ವರ ಬಂದಾಗಿನಿಂದ ಈ ಮನುಷ್ಯ ಎಂಟರ ಮೊದಲು ಎದ್ದವರಲ್ಲ. ಆ ಹೊತ್ತಿನಲ್ಲಿ ಅವರ ಫೋನಿನಿಂದ ಯಾರು ಮಾಡುತ್ತಾರೆ? ಸಾವಿತ್ರಿ ಮಾಡುತ್ತಾಳೆ. ಯಾಕೆ ಮಾಡುತ್ತಾಳೆ?

ಶರ್ವಾಣಿಯ ಕೈ ನಿಂತಿತು. ಅವಳಿಗೂ ಆ ಗಂಟೆ ಗೊತ್ತು. ಅವಳ ಗಲ್ಲದಿಂದ ಒಂದು ಹನಿ ನನ್ನ ಹಣೆಯ ಮೇಲೆ ಬಿತ್ತು. ಬೆವರೋ ಕಣ್ಣೀರೋ ಗೊತ್ತಿಲ್ಲ, ನಾನು ಕಣ್ಣು ಮುಚ್ಚಿದ್ದೆ.

“ಫೋನ್” ಅಂತ ಒಂದು ಮಾತು ಆಡಿದರೆ ಸಾಕಿತ್ತು. ಪರೀಕ್ಷೆ ಮುಗಿಯುತ್ತಿತ್ತು. ಯಾರೂ ನನ್ನನ್ನು ತಪ್ಪು ಅನ್ನುತ್ತಿರಲಿಲ್ಲ, ಗಂಡನಿಗೆ ಹುಷಾರಿಲ್ಲದ ಹೆಂಗಸು ಎಂದು ಸೆನ್ಸೇಯೇ ಕನಿಕರ ಪಡುತ್ತಿದ್ದರು. ಮಗಳು ಆಫೀಸಿನಲ್ಲಿ ಎಸಿ ಕೆಳಗೆ ಕೂರುತ್ತಿದ್ದಳು, ಬೆಂಕಿಯ ಹತ್ತಿರ ಹೋಗುತ್ತಿರಲಿಲ್ಲ. ಪಾಸ್‌ಪೋರ್ಟು ಬೀರುವಿನಲ್ಲಿ ನನ್ನದರ ಪಕ್ಕದಲ್ಲೇ ಇರುತ್ತಿತ್ತು. ಆ ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು. ಹುಟ್ಟಿದಾಗಿನಿಂದ ನಾಲಿಗೆಯ ತುದಿಗೆ ಬಂದ ಯಾವ ಮಾತನ್ನೂ ನಾನು ವಾಪಸ್ ಕಳಿಸಿದವಳಲ್ಲ.

ಫೋನು ನಿಂತಿತು. ಮತ್ತೆ ಬಡಿದುಕೊಂಡಿತು.

ಶರ್ವಾಣಿ ನನ್ನ ಕಂಕುಳ ಕೆಳಗೆ ಕೈಯನ್ನು ಇನ್ನೊಮ್ಮೆ ಬಿಗಿ ಮಾಡಿದಳು. “ಅಮ್ಮಾ, ಕೇಳಿಸ್ತಾ ಇದ್ಯಾ? ನಾನಿದೀನಿ,” ಎಂದಳು, ಕನ್ನಡದಲ್ಲಿ. “ಆಚೆ ಕರ್ಕೊಂಡ್ ಹೋಗ್ತಿದೀನಿ. ಹೆದರ್ಬೇಡ. ಬಂದ್ವಿ, ಇನ್ನೊಂಚೂರು.” ಎಳೆದಳು. ನನ್ನ ಹಿಮ್ಮಡಿ ನೆಲದ ಮೇಲೆ ಜಾರುತ್ತಾ ಬಂತು. ಫೋನಿನ ಗಂಟೆ ಸ್ವಲ್ಪ ಸ್ವಲ್ಪವೇ ದೂರವಾಯಿತು. ನಾನು ಹಲ್ಲು ಕಚ್ಚಿಕೊಂಡು ಬಿದ್ದಿದ್ದೆ.

ಮುಂಬಾಗಿಲಲ್ಲಿ ಚಪ್ಪಲಿ ಬಿಡುವ ಜಾಗದ ಅಂಚಿಗೆ ನನ್ನನ್ನು ಮಲಗಿಸಿ, ಕೆನ್ನೆಯನ್ನು ನನ್ನ ಮೂಗಿನ ಹತ್ತಿರ ತಂದು, ಬೆರಳು ತೋರಿಸಿ ಕೂಗಿದಳು. “ಉಸಿರು, ಯೋಶಿ! ನಾಡಿ, ಯೋಶಿ! ಹೊರಗೆ ತಂದಾಯಿತು!” ಯೋಶಿ ಅಂದರೆ ಸರಿಯಿದೆ ಅಂತ. ಲ್ಯಾಪ್‌ಟಾಪಿನಿಂದ ಸೆನ್ಸೇಯ ದನಿ ಬಂತು. “ಮುಗಿಯಿತು. ಪಾಸು. ಬೇಗ ಫೋನ್ ತೆಗೆದುಕೊಳ್ಳಿ.”

ಅವಳು ಓಡಿದಳು. ನಾನು ಏಳಲು ನೋಡಿದೆ, ಸೊಂಟ ಬಿಡಲಿಲ್ಲ. ಅವಳು ಫೋನನ್ನು ಸ್ಪೀಕರಿಗೆ ಹಾಕಿಕೊಂಡೇ ಬಂದು ನನ್ನ ಪಕ್ಕ ಕುಸಿದು ಕೂತಳು.

“ಏನ್ ಅಮ್ಮ ಮಗಳು ಇಬ್ರೂ ಫೋನ್ ಎತ್ತಲ್ಲ?” ದ್ವಾರಕಾನಾಥರದೇ ದನಿ. ಕೀರಲಾಗಿತ್ತು, ಆದರೆ ಅವರದೇ.

“ರೀ! ಏನಾಯ್ತು ರೀ? ಈ ಹೊತ್ತಲ್ಲಿ?”

“ಏನಿಲ್ಲ ಕಣೇ. ರಾತ್ರಿಯಿಂದ ಜ್ವರ ಇಲ್ಲ. ಬೆಳಿಗ್ಗೆ ಎಚ್ಚರ ಆಯ್ತು ನೋಡು, ಹಸಿವು! ಸಾವಿತ್ರಿ ಕೆಳಗೆ ಒಗ್ಗರಣೆ ಹಾಕ್ತಿದಾಳೆ, ಇಂಗಿನ ವಾಸ್ನೆ ಬರ್ತಿದೆ. ವಾಸ್ನೆ ಗೊತ್ತಾಗ್ತಿದ್ಯಲ್ಲ ಅಂತ ನಿಂಗೆ ಹೇಳೋಣ ಅನ್ಸ್ತು. ಅದ್ಸರಿ, ನೀವ್ಯಾಕೆ ಎತ್ಲಿಲ್ಲ?”

“ನಾನು ಪ್ರಜ್ಞೆ ತಪ್ಪಿ ಬಿದ್ದಿದ್ದೆ,” ಎಂದೆ.

“ಆಂ? ಏನಾಯ್ತೇ!”

“ಏನಿಲ್ಲ. ನಿಮ್ಮ ಮಗಳು ಪಾಸು. ತಿಂಡಿ ತಿನ್ನಿ, ಆಮೇಲೆ ಮಾಡ್ತೀನಿ,” ಎಂದು ಇಟ್ಟುಬಿಟ್ಟೆ. ಇನ್ನೊಂದು ಮಾತಾಡಿದ್ದರೆ ಅತ್ತುಬಿಡುತ್ತಿದ್ದೆ.

ಅಳುವ ಬದಲು ನನಗೆ ಸಿಟ್ಟು ಬಂತು. ಮಲಗಿದಲ್ಲಿಂದಲೇ ಶರ್ವಾಣಿಯ ಮೇಲೆ ಹರಿಹಾಯ್ದೆ. “ನಿಮ್ಮಪ್ಪನ ಫೋನು ಕಣೇ ಅದು! ಎರಡು ಸಲ ಬಡ್ಕೊಳ್ತು! ಏನಾಗಿದ್ಯೋ ಅಂತ ಗೊತ್ತಿಲ್ಲ, ಹೇಗೆ ಮನಸ್ಸು ಬಂತೇ ನಿಂಗೆ?”

ಅವಳ ಮುಖವೆಲ್ಲ ಒದ್ದೆಯಾಗಿತ್ತು. ಕೈಗವಸಿನ ಹಿಂಬದಿಯಿಂದ ಮೂಗು ಒರೆಸಿಕೊಂಡಳು. “ಮನಸ್ಸು ಬರ್ಲಿಲ್ಲಮ್ಮ. ಕೈಯಲ್ಲಿ ನೀನಿದ್ದೆ. ಕೈಯಲ್ಲಿ ಇರೋರನ್ನ ಬಾಗಿಲು ದಾಟ್ಸೋವರ್ಗೂ ಬಿಡೋ ಹಾಗಿಲ್ಲ. ಅಷ್ಟೇ ಅಲ್ವಾ ಈ ಕೆಲ್ಸ?”

ನಾನು ಸೀಲಿಂಗ್ ನೋಡಿದೆ. ಫೋನ್ ಎತ್ತಲ್ಲ, ಫೋನ್ ಎತ್ತಲ್ಲ ಅಂತ ನಾನು ಇವಳನ್ನು ಬೈದದ್ದಕ್ಕೆ ಲೆಕ್ಕವಿಲ್ಲ. ಮುಂದೆ ಒಂದು ದಿನ ನಾನು ಮಾಡುತ್ತೇನೆ. ಬಡಿದುಕೊಳ್ಳುತ್ತಲೇ ಇರುತ್ತದೆ, ಇವಳು ಎತ್ತುವುದಿಲ್ಲ. ಆ ಹೊತ್ತಿನಲ್ಲಿ ಇವಳ ಕೈಯಲ್ಲಿ ಬೇರೆ ಯಾರದೋ ಅಮ್ಮ ಇರುತ್ತಾಳೆ. ಆ ಲಿಫ್ಟಿನ ದಿನ ನನ್ನ ಮಗಳನ್ನು ಎತ್ತಿಕೊಂಡವನಿಗೂ ಮನೆಯಲ್ಲಿ ಒಬ್ಬಳು ಅಮ್ಮ ಇದ್ದಿರಬೇಕು. ಆ ಭೂಕಂಪದಲ್ಲಿ ಅವಳೂ ಅವನಿಗೆ ಫೋನ್ ಮಾಡಿರಬೇಕು. ಅವನು ಎತ್ತದೆ ಇದ್ದದ್ದಕ್ಕೇ ನನ್ನ ಮಗು ನನ್ನ ಕೈಗೆ ಬಂತು.

“ಪಾಸ್‌ಪೋರ್ಟಿನ ವಿಷ್ಯ,” ಎಂದೆ.

ಅವಳು ಬಿಚ್ಚುತ್ತಿದ್ದ ಕೈಗವಸನ್ನು ಅರ್ಧಕ್ಕೇ ಬಿಟ್ಟಳು.

“ಹೂಂ. ಮಾಡ್ಕೋ. ಆದ್ರೆ ಇನ್ಮೇಲೆ ನಾನು ಫೋನ್ ಮಾಡ್ದಾಗ ನೀನು ಎತ್ತದಿದ್ರೆ…”

“ಬೈತೀಯಾ?”

“ಬೈಯಲ್ಲ. ಕೆಲ್ಸದಲ್ಲಿದಾಳೆ ಅಂದ್ಕೋತೀನಿ.” ಅವಳ ಒದ್ದೆ ಕೆನ್ನೆ ಒರೆಸಿದೆ. “ಶಾಪಿಂಗಿಗೆ ಹೋಗಿ ಎತ್ತದಿದ್ರೆ ಮಾತ್ರ ಕೈಕಾಲು ಮುರೀತೀನಿ.”

ಅವಳು ನಗುತ್ತಾ ನನ್ನ ಹೊಟ್ಟೆಯ ಮೇಲೆ ತಲೆಯಿಟ್ಟಳು, ಚಿಕ್ಕವಳಿದ್ದಾಗ ಇಡುತ್ತಿದ್ದ ಹಾಗೆ. ಆಮೇಲೆ ಥಟ್ಟನೆ ಎದ್ದು ಕೂತು ಬಾಗಿಲ ಕಡೆ ನೋಡಿದಳು, ನನ್ನ ತಲೆ ನೋಡಿದಳು.

“ಅಮ್ಮಾ! ನೀನು ಉತ್ತರಕ್ಕೆ ತಲೆ ಹಾಕಿ ಮಲ್ಗಿದೀಯ! ಏಳು, ಏಳು!”

ಹೌದಲ್ಲ! ಅವಳು ಎಳೆದು ತಂದಲ್ಲಿಂದ ಈ ತನಕ ನಾನು ಹಾಗೇ ಬಿದ್ದಿದ್ದೆ, ಗಂಡನ ಹತ್ತಿರ ಮಾತಾಡಿದ್ದೂ ಹಾಗೇ. ನನಗೆ ಗಮನವೇ ಇರಲಿಲ್ಲ.

“ಇರ್ಲಿ ಬಿಡು,” ಎಂದೆ. “ಸೊಂಟ ಹಿಡ್ಕೊಂಡಿದೆ. ಇನ್ನೊಂಚೂರು ಹೊತ್ತು ಬಿಟ್ಟು ಎತ್ತುವಿಯಂತೆ.”